ಶೆರ್ಮನ್ ಟ್ಯಾಂಕ್: 1/35, 1/48, 1/72 ಯಾವುದು?

ಇಪ್ಪತ್ತು ವರ್ಷದ ಮೇಲೆ ಮತ್ತೆ ಮಾಡೆಲ್ ಕಟ್ಟಲು ಕೂರುತ್ತಿದ್ದೀರಿ, ಶೆರ್ಮನ್ ಟ್ಯಾಂಕೇ ಬೇಕು, ಯಾವ ಅಳತೆಯದು ಅಂತ ಮಾತ್ರ ಹೇಳಿ ಅಂದಿರಿ. ಎರಡನೇ ಮಹಾಯುದ್ಧದ ಈ ಅಮೆರಿಕನ್ ಟ್ಯಾಂಕ್, ಅಂದರೆ ಅಸಲಿ ಎಂ4 ಶೆರ್ಮನ್, ಸುಮಾರು 5.84 ಮೀಟರ್ ಉದ್ದ. 1/35ರಲ್ಲಿ, ಅಂದರೆ ಅಸಲಿಯ ಮೂವತ್ತೈದನೇ ಒಂದು ಪಾಲಿನಲ್ಲಿ, ಅದು ಹದಿನೇಳು ಸೆಂಟಿಮೀಟರ್ ಹತ್ತಿರ, 1/48ರಲ್ಲಿ ಹನ್ನೆರಡು, 1/72ರಲ್ಲಿ ಅಂಗೈಯಲ್ಲಿ ಕೂರುವಂತೆ ಎಂಟು.

ಮೊದಲು ಕಣ್ಣಿನ ಮಾತು. ಬಿಟ್ಟಾಗ ಕನ್ನಡಕ ಇರಲಿಲ್ಲ, ಈಗ ಇದೆ ತಾನೆ? 1/72ರ ಹಿಡಿಕೆ, ಹೆಡ್‌ಲೈಟ್‌ಗಳು ಚಿಮಟದಿಂದ ಹಾರಿದರೆ ನೆಲ ಗುಡಿಸಿದರೂ ಸಿಗುವುದಿಲ್ಲ. 1/35ರಲ್ಲಿ ಬಿಡಿಭಾಗ ಹಿಡಿಯಲು ಸುಲಭ, ಆದರೆ ಸಂಖ್ಯೆ ಹೆಚ್ಚು. ಚಕ್ರಗಳ ಸುತ್ತ ಸುತ್ತುವ ಚೈನು ಒಂದೇ ಪಟ್ಟಿಯಾಗಿ ಬರುವ ಕಿಟ್ ಆರಿಸಿ. ಕೊಂಡಿ ಕೊಂಡಿ ಜೋಡಿಸುವುದಾದರೆ ಎರಡು ಭಾನುವಾರ ಅದಕ್ಕೇ ಹೋಗುತ್ತದೆ. ಹಳಬರೂ ಅಲ್ಲೇ ಕೈಬಿಡುವುದು.

ಖರ್ಚಿನಲ್ಲಿ 1/72 ಸಾಮಾನ್ಯವಾಗಿ ಅಗ್ಗ, ಬಣ್ಣವೂ ಕಡಿಮೆ ಸಾಕು. ಜಾಗವೂ ಅಷ್ಟೇ.

1/48 ನನಗೆ ಇಷ್ಟ: ಭಾಗ ಕಡಿಮೆ, ಬೇಗ ಮುಗಿಯುತ್ತದೆ. ಒಂದು ಎಚ್ಚರ, ಜಪಾನಿನ ಮಾಡೆಲ್ ಕಂಪನಿ ಟಮಿಯಾದ ಆರಂಭದ 1/48 ಕಿಟ್‌ಗಳಲ್ಲಿ ಕೆಳಗಿನ ಒಡಲು ಲೋಹದ್ದು. ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ಸಿಮೆಂಟ್ ಅದಕ್ಕೆ ಹಿಡಿಯದು, ಸೂಪರ್ ಗ್ಲೂ ಬೇಕು. ಆಯ್ಕೆಯೂ 1/35ರಷ್ಟು ವಿಶಾಲವಿಲ್ಲ.

ಕೆಸರು, ತುಕ್ಕು, ಸಿಬ್ಬಂದಿ ಗೊಂಬೆ ಎಲ್ಲ ಬಿಡಿಸಿ ಕೂರುವ ಆಸೆಯಿದ್ದರೆ 1/35. ಕೈ ಪಳಗಿದೆಯೋ ಇಲ್ಲವೋ ನೋಡಬೇಕಷ್ಟೇ ಅಂದರೆ 1/48. ಕಪಾಟಿನಲ್ಲಿ ಇಡೀ ತುಕಡಿಯೇ ನಿಲ್ಲಬೇಕು, ಕಣ್ಣೂ ಗಟ್ಟಿ ಅಂದರೆ 1/72.