ಬ್ಯಾಂಕ್ ಪರೀಕ್ಷೆಯ ಪದಕೈಪಿಡಿ: ‘ಇಗ್ನಮಿನಿ’ಯ ಪುಟ ತೆರೆದು ನೋಡಿ

ಮಂಗಳೂರಿನ ಹಂಪನಕಟ್ಟೆಯ ಪುಸ್ತಕದಂಗಡಿಗಳಲ್ಲೂ ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡಿನ ಸುತ್ತಮುತ್ತಲೂ ಕಿಸೆಗಾತ್ರದ ಇಂಗ್ಲಿಷ್–ಕನ್ನಡ ಪದಕೈಪಿಡಿಗಳು ಸಿಗುತ್ತವೆ. ಬ್ಯಾಂಕ್ ಪರೀಕ್ಷೆಗೆ ಕೂರುವವರೇ ಹೆಚ್ಚಾಗಿ ಕೊಳ್ಳುವುದು. ಅಂಥದ್ದೊಂದನ್ನು ತೂಗಿ ನೋಡಲು ‘ಇಗ್ನಮಿನಿ’ (ignominy, ಜನರೆದುರು ಮರ್ಯಾದೆ ಹೋಗುವುದು) ಎಂಬ ಒಂದೇ ಪದ ಸಾಕು.

ಉಚ್ಚಾರಣೆ ಚೊಕ್ಕವಾಗಿದೆ. ಒತ್ತು ಮೊದಲ ‘ಇಗ್’ ಮೇಲೆ; ‘ಇಗ್ನೋಮಿನಿ’ ಎಂದು ಎಳೆಯಬಾರದು. ‘ಇಗ್ನಮಿನಿಯಸ್’ ಆದಾಗ ಒತ್ತು ‘ಮಿ’ಗೆ ಜಾರುತ್ತದೆ, ಅದನ್ನೂ ಗುರುತು ಹಾಕಿ ತೋರಿಸಿದ್ದಾರೆ. ಲ್ಯಾಟಿನ್ ಮೂಲವೂ ಇದೆ: ‘ನೋಮೆನ್’ ಎಂದರೆ ಹೆಸರು, ಅದರ ಹಿಂದೆ ನಿಷೇಧದ ‘ಇನ್’. ನಾವು ‘ಹೆಸರು ಕೆಟ್ಟಿತು’ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ನೆಂಟ ಸಿಗಲಿಕ್ಕಿಲ್ಲ. ಮೂಲ ಗೊತ್ತಿದ್ದರೆ ಆಯ್ಕೆಗಳ ನಡುವೆ ‘ಇಗ್ನೊರೆನ್ಸ್’ ಇಟ್ಟು ದಾರಿ ತಪ್ಪಿಸಿದರೂ ಕೈ ಅತ್ತ ಹೋಗದು.

ಎಡವಟ್ಟಾಗಿರುವುದು ಅರ್ಥದ ಕಾಲಮಿನಲ್ಲಿ. ಇಗ್ನಮಿನಿ, ಇನ್ಫಮಿ, ಒಪ್ರೋಬ್ರಿಯಂ, ಶೇಮ್ ನಾಲ್ಕಕ್ಕೂ ಅದೇ ‘ಅವಮಾನ’. ವಾಕ್ಯದಲ್ಲಿ ಬಿಟ್ಟ ಜಾಗ ತುಂಬುವ ಪ್ರಶ್ನೆಯಲ್ಲಿ ಅಂಕ ಹೋಗುವುದು ಇಲ್ಲಿಯೇ. ಶೇಮ್ ಒಳಗಿನ ನಾಚಿಕೆ. ಯಾರೂ ನೋಡದಿದ್ದರೂ ಆಗಬಹುದು. ಇಗ್ನಮಿನಿ ನಾಲ್ಕು ಜನರ ಎದುರು ಮರ್ಯಾದೆ ಹೋಗುವುದು. ಇನ್ಫಮಿಗೆ ಸಾಮಾನ್ಯವಾಗಿ ದುಷ್ಕೃತ್ಯದ ನಂಟಿರುತ್ತದೆ, ‘ಕುಖ್ಯಾತಿ’ ಸರಿ. ಒಪ್ರೋಬ್ರಿಯಂ ಎಂದರೆ ಹಲವರು ಕೂಡಿ ಹಾಕುವ ಛೀಮಾರಿ. 2020ರ ಡಿಸೆಂಬರಿನಲ್ಲಿ ಅಡಿಲೇಡ್ ಟೆಸ್ಟಿನಲ್ಲಿ ಭಾರತದ ಇನ್ನಿಂಗ್ಸ್ 36 ರನ್ನಿಗೆ ಮುಗಿಯಿತಲ್ಲ, ಅದು ಇಗ್ನಮಿನಿ. ಅಲ್ಲಿ ಯಾರೂ ಅಪರಾಧ ಮಾಡಿರಲಿಲ್ಲ, ಹಾಗಾಗಿ ಇನ್ಫಮಿ ಹೊಂದದು. ನಮ್ಮ ಪತ್ರಿಕೆಗಳ ‘ಮುಖಭಂಗ’ ಇಲ್ಲಿ ಲಾಯಕ್ಕಾಗಿ ಕೂರುತ್ತದೆ. ಕೈಪಿಡಿಯಲ್ಲಿ ಆ ಪದವೇ ಇಲ್ಲ! ಬದಲಿಗೆ ಇಗ್ನಮಿನಿಗೆ ‘ಅವಮಾನ’ದ ಜೊತೆ ‘ಮಾನಹಾನಿ’ ಇದೆ. ಅದು ಕೋರ್ಟಿನ ಮಾತು, ಇಂಗ್ಲಿಷಿನ ಡಿಫಮೇಶನ್. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್, ಹಿಂದೆ ಐಪಿಸಿ 499 ಮತ್ತು 500. ವಿರುದ್ಧ ಪದಕ್ಕೆ ‘ಪ್ರೈಡ್’ ಕೊಟ್ಟದ್ದೂ ಸರಿಯಲ್ಲ, ‘ಆನರ್’ ಬೇಕಿತ್ತು.

ಪ್ರಯೋಗಕ್ಕೆ ಒಂದು ವಾಕ್ಯವೂ ಕೊಡದಿರುವುದು ಇನ್ನೂ ದೊಡ್ಡ ಕೊರತೆ. ಕನ್ನಡದಲ್ಲಿ ‘ಅವಮಾನ ಮಾಡಿದ’ ಅನ್ನುತ್ತೇವೆ. ಅದೇ ಧಾಟಿಯಲ್ಲಿ ‘ಡಿಡ್ ಇಗ್ನಮಿನಿ’ ಎಂದು ಬರೆದರೆ ಕೆಟ್ಟಿತು. ಇಗ್ನಮಿನಿಯನ್ನು ಮಾಡುವುದಿಲ್ಲ, ಅನುಭವಿಸುವುದು: ‘ಸಫರ್ಡ್ ದಿ ಇಗ್ನಮಿನಿ ಆಫ್ ಲೂಸಿಂಗ್ ಹಿಸ್ ಡೆಪಾಸಿಟ್’. ಸಿಂಧು ಮತಗಳಲ್ಲಿ ಆರನೇ ಒಂದು ಪಾಲಿಗಿಂತ ಹೆಚ್ಚು ಸಿಗದೆ ಸೋತ ಅಭ್ಯರ್ಥಿಯ ಠೇವಣಿ ಹೋಗುವುದನ್ನು ಹೀಗೆ ಬರೆಯುತ್ತಾರೆ. ‘ಆಫ್’ ನಂತರ ನಾಮಪದ ಇಲ್ಲವೇ ‘ಇಂಗ್’ ರೂಪ. ಇಗ್ನಮಿನಿಯ ಹಿಂದೆ ಸಾಮಾನ್ಯವಾಗಿ ‘ಆ್ಯನ್’ ಬರುವುದಿಲ್ಲ, ಬಹುವಚನ ಬಲು ಅಪರೂಪ. ಡಿಫೀಟ್, ರಿಟ್ರೀಟ್, ಎಂಡ್ ಈ ಮೂರರ ಹಿಂದೆ ‘ಇಗ್ನಮಿನಿಯಸ್’ ಹೆಚ್ಚು ಕಾಣಿಸುತ್ತದೆ.

ಇದೇ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು ಕನ್ನಡ ಪದಗಳಿಗೆ ಗಾದೆ, ಪ್ರಯೋಗಗಳನ್ನೂ ಸೇರಿಸಿ ಅರ್ಥ ಕೊಟ್ಟಿತ್ತು. ಕಿಸೆಪುಸ್ತಕದಿಂದ ಅಷ್ಟು ಬೇಡ, ಪದಕ್ಕೊಂದು ವಾಕ್ಯ ಕೊಟ್ಟಿದ್ದರೂ ಸಾಕಿತ್ತು.

ಉಚ್ಚಾರಣೆಗೆ, ಪದರೂಪಗಳಿಗೆ ಕೊಳ್ಳಬಹುದು. ಅರ್ಥದ ಕಾಲಮಿನ ಪಕ್ಕ ಪೆನ್ಸಿಲಿನಲ್ಲಿ ನಿಮ್ಮದೇ ವಾಕ್ಯ ಬರೆದುಕೊಳ್ಳಿ. ಬರೀ ಗಮ್ಮಿನ ಬೈಂಡಿಂಗ್ ಆದ್ದರಿಂದ ನಮ್ಮ ಮಳೆಗಾಲಕ್ಕೆ ಹಾಳೆ ಕಳಚುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿಕೊಳ್ಳುವುದು ಒಳ್ಳೆಯದು. ಸ್ಪೈರಲ್ ಒಳಗಿನ ಅಂಚನ್ನು ತಿನ್ನುತ್ತದೆ, ಹಾಗಾಗಿ ವಾಕ್ಯಗಳನ್ನು ಹೊರಗಿನ ಅಂಚಿನಲ್ಲೇ ಬರೆಯಿರಿ.