ಮುಜರಾಯಿ ದೇವಾಲಯದ ಸೇವಾ ಕೌಂಟರ್: ಲೆಕ್ಕ ನೆಟ್ಟಗಿದೆ, ಸಾಲು ನೆಟ್ಟಗಿಲ್ಲ

ತುಮಕೂರು ಜಿಲ್ಲೆಯ ‘ಎ’ ದರ್ಜೆಯ, ಅಂದರೆ ವಾರ್ಷಿಕ ಆದಾಯ 25 ಲಕ್ಷ ರೂಪಾಯಿ ಮೀರಿದ, ಮುಜರಾಯಿ ದೇವಾಲಯವೊಂದರಲ್ಲಿ ಈಚೆಗೆ ಅಭಿಷೇಕ ಮಾಡಿಸಿದೆ. ಯಾವ ಕ್ಷೇತ್ರವೆಂದು ಹೆಸರಿಸುವುದಿಲ್ಲ. ಇಲ್ಲಿ ಹೇಳಹೊರಟಿರುವುದು ದೇವರ ವಿಷಯವನ್ನಲ್ಲ, ಸರ್ಕಾರ ಅಲ್ಲಿ ನಡೆಸುವ ಸೇವೆಯ ವಿಷಯವನ್ನು.

ಕೌಂಟರಿನ ಕೆಲಸ ಅಚ್ಚುಕಟ್ಟು. ದರಪಟ್ಟಿ ಗೋಡೆಯ ಮೇಲಿದೆ, ಕೊಟ್ಟ ಹಣಕ್ಕೆ ಮುದ್ರಿತ ರಸೀದಿ ಸಿಗುತ್ತದೆ, ಗೋತ್ರ-ನಕ್ಷತ್ರ ಬರೆದುಕೊಳ್ಳುವ ಗುಮಾಸ್ತರಿಗೆ ತಾಳ್ಮೆಯಿದೆ. ಗುಡಿಯಲ್ಲಿ ಸರ್ಕಾರಕ್ಕೇನು ಕೆಲಸ ಎನ್ನುವವರು ಈ ರಸೀದಿಯನ್ನೊಮ್ಮೆ ನೋಡಬೇಕು. ಫ್ರಾನ್ಸ್ 1905ರ ಕಾನೂನಿನಿಂದ ಚರ್ಚನ್ನೂ ಪ್ರಭುತ್ವವನ್ನೂ ಬೇರ್ಪಡಿಸಿತು. ನಮ್ಮ ಸಂವಿಧಾನ ಆ ದಾರಿ ಹಿಡಿಯದೆ, ಧಾರ್ಮಿಕ ಆಚರಣೆಗೆ ಹೊಂದಿಕೊಂಡ ಹಣಕಾಸಿನ ವ್ಯವಹಾರವನ್ನು ನಿಯಂತ್ರಿಸುವ ಅಧಿಕಾರವನ್ನು 25ನೇ ವಿಧಿಯಲ್ಲಿ ಸರ್ಕಾರಕ್ಕೆ ಉಳಿಸಿತು. 1954ರ ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಳೆದ ಗೆರೆಯೂ ಇದೇ: ಆಚರಣೆಯ ತೀರ್ಮಾನ ಧರ್ಮದವರಿಗೆ, ಆಸ್ತಿಯ ಆಡಳಿತ ಕಾನೂನಿನ ಅಂಕೆಗೆ. ಆ ಕೌಂಟರಿನಲ್ಲಿ ಈ ಗೆರೆ ಅಳಿಸಿಲ್ಲ.

ಅಳಿಸಿರುವುದು ದರ್ಶನದ ಸಾಲಿನಲ್ಲಿ. ಧರ್ಮದರ್ಶನದವರನ್ನೂ ಹಣ ತೆತ್ತ ವಿಶೇಷ ದರ್ಶನದವರನ್ನೂ ಒಟ್ಟಿಗೆ ತಡೆದು ನಿಲ್ಲಿಸಿ, ಪಕ್ಷವೊಂದರ ಮುಖಂಡರನ್ನು ಬೆಂಬಲಿಗರ ಸಮೇತ ಪೂರ್ಣಕುಂಭದೊಡನೆ ಒಳಗೆ ಕರೆದೊಯ್ದರು. ಹೆಬ್ಬಾಗಿಲಿಗೆ ಅವರ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿತ್ತು; ಶುಭ ಕೋರಿದವರ ಸಾಲಿನಲ್ಲಿ ವ್ಯವಸ್ಥಾಪನಾ ಸಮಿತಿಯವರ ಭಾವಚಿತ್ರಗಳೂ ಇದ್ದವು. 1997ರ ಧಾರ್ಮಿಕ ದತ್ತಿ ಕಾಯಿದೆ ಒಂಬತ್ತು ಜನರ ಈ ಸಮಿತಿಯಲ್ಲಿ ಅರ್ಚಕರಿಗೂ ಮಹಿಳೆಯರಿಗೂ ಪರಿಶಿಷ್ಟರಿಗೂ ಸ್ಥಾನ ಕೊಟ್ಟಿದೆ, ಪಕ್ಷಕ್ಕೆ ಕೊಟ್ಟಿಲ್ಲ. (ಪಕ್ಷಗಳು ಯಾರಾದರೂ ಕೊಡಲಿ ಎಂದು ಕಾದು ಕೂರುವುದಿಲ್ಲ, ಆ ಮಾತು ಬೇರೆ.) ಧರ್ಮದ ಹೆಸರಿನಲ್ಲಿ ಮತ ಕೇಳುವುದು ಜನಪ್ರತಿನಿಧಿ ಕಾಯಿದೆಯ ಪ್ರಕಾರ ಭ್ರಷ್ಟ ಆಚರಣೆ, ಮತದಾರನ ಧರ್ಮವನ್ನು ಮುಂದಿಟ್ಟು ಕೇಳುವುದೂ ಅದೇ ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ನಾಲ್ಕು-ಮೂರರ ಬಹುಮತದಿಂದ ಹೇಳಿದೆ. ಆದರೆ ಹುಟ್ಟುಹಬ್ಬದ ಫ್ಲೆಕ್ಸ್ ಮತ ಕೇಳುವುದಿಲ್ಲವಾದ್ದರಿಂದ ಅದು ಈ ಕಾನೂನಿಗೆ ಸಿಕ್ಕದೆ ವರ್ಷವಿಡೀ ತನ್ನ ಕೆಲಸ ಮಾಡುತ್ತಿರುತ್ತದೆ.

ಪ್ರಸಾದ ಚೆನ್ನಾಗಿತ್ತು, ವಾಹನ ನಿಲ್ಲಿಸಲು ಜಾಗ ಸಾಲದು.

ಸೇವೆಗೆ ಐದರಲ್ಲಿ ಮೂರು ಅಂಕ. ಆ ಫ್ಲೆಕ್ಸ್ ಇಳಿಸಿ, ಅದೇ ಜಾಗದಲ್ಲಿ ದೇವಾಲಯದ ವಾರ್ಷಿಕ ಆಯವ್ಯಯವನ್ನು, ಆದಾಯವಿರುವ ದೇವಾಲಯಗಳಿಂದ ಪಡೆದು ಬಡ ದೇವಾಲಯಗಳಿಗೆ ನೆರವಾಗುವ ಸಾಮಾನ್ಯ ಸಂಗ್ರಹಣಾ ನಿಧಿಗೆ ಹೋದ ಮೊತ್ತವನ್ನೂ ಸೇರಿಸಿ ಬರೆಸಿದರೆ ನಾಲ್ಕು ಕೊಡಲು ಅಡ್ಡಿಯಿಲ್ಲ. ಹೋಗುವವರು ವಾರದ ದಿನ ಬೆಳಗ್ಗೆ ಬೇಗ ಹೋಗುವುದು ಒಳ್ಳೆಯದು.