ಮನೆಯ ಸದ್ದಿನಿಂದಲೇ ಸಸ್ಪೆನ್ಸ್: ಜೂಮ್ ಎಚ್1ಎನ್ ರೆಕಾರ್ಡರ್

ಹತ್ತು ನಿಮಿಷದ ಒಂದು ಸಸ್ಪೆನ್ಸ್ ಆಡಿಯೋ ನಾಟಕ ಮಾಡುತ್ತಿದ್ದೇನೆ. ಮಾತು ಇರೋದು ನಾಲ್ಕೇ ಸಾಲು. ಮಿಕ್ಕಿದ್ದೆಲ್ಲ ಮನೆಯ ಸದ್ದು. ಅದನ್ನೆಲ್ಲ ಹಿಡಿಯುತ್ತಿರುವುದು ಜೂಮ್ ಕಂಪನಿಯ ಎಚ್1ಎನ್ ಅನ್ನೋ ಪುಟ್ಟ ರೆಕಾರ್ಡರ್‌ನಲ್ಲಿ.

ನಾಟಕದ ಜೀವ ಕುಕ್ಕರ್. ಒಂದು ಕೂಗು, ಎರಡು, ಮೂರು. ಮೂರಾದ ಮೇಲೆ ಒಲೆ ಆರಿಸಬೇಕು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ, ಅಲ್ವಾ? ಆದರೆ ಇಲ್ಲಿ ನಾಲ್ಕನೆಯದೂ ಕೂಗುತ್ತದೆ. ಐದನೆಯದೂ ಕೂಗುತ್ತದೆ. ಒಲೆ ಹತ್ತಿರ ಯಾರೂ ಬರುತ್ತಿಲ್ಲ. ಕೇಳುವವರ ಎದೆ ಡವಡವ ಅನ್ನೋಕೆ ಅಷ್ಟು ಸಾಕು. ಗುಡುಗು, ನರಿ ಊಳು ಯಾವುದೂ ಬೇಡ.

ಇದನ್ನು ಫೋನಿನಲ್ಲಿ ಹಿಡಿಯೋದು ಕಷ್ಟ. ಫೋನುಗಳು ಸಾಮಾನ್ಯವಾಗಿ ಸಣ್ಣ ಸದ್ದನ್ನು ತಾವೇ ಏರಿಸುತ್ತವೆ, ದೊಡ್ಡದನ್ನು ತಾವೇ ತಗ್ಗಿಸುತ್ತವೆ. ಮಾತು ರೆಕಾರ್ಡ್ ಮಾಡೋಕೆ ಅದು ಒಳ್ಳೆಯದೇ. ಆದರೆ ಮೌನಕ್ಕೂ ವಿಶಲ್‌ಗೂ ಇರುವ ಅಂತರವೇ ಹೋದರೆ ಭಯ ಎಲ್ಲಿಂದ ಬರಬೇಕು? ಎಚ್1ಎನ್‌ನಲ್ಲಿ ಲೆವೆಲ್, ಅಂದರೆ ಸದ್ದನ್ನು ಎಷ್ಟು ಜೋರಾಗಿ ಹಿಡಿಯಬೇಕು ಅನ್ನೋದು, ನನ್ನ ಕೈಯಲ್ಲಿದೆ. ಅದಕ್ಕೆ ಮುಂದುಗಡೆಯೇ ತಿರುಗಿಸುವ ಗುಂಡಿ ಇದೆ. ಜೋರಾದ ಕೂಗಿಗೆ ತಕ್ಕಂತೆ ಇಟ್ಟು ಬಿಟ್ಟರೆ, ಅದಕ್ಕೂ ಮುಂಚೆ ವೆಯ್ಟ್ ಅಲುಗಾಡುವ ಟಿಕಟಿಕ, ಹಬೆ ಬುಸುಗುಡುವುದು, ಎಲ್ಲ ಸಣ್ಣದಾಗಿಯೇ ಉಳಿಯುತ್ತವೆ. ಸಣ್ಣ ಸದ್ದಿನ ವಿವರವನ್ನೂ ಉಳಿಸಿಕೊಳ್ಳುವ 24-ಬಿಟ್ ವೇವ್ ಫೈಲ್ ಆದ್ದರಿಂದ ಆಮೇಲೆ ಬೇಕಾದರೆ ಸ್ವಲ್ಪ ಎತ್ತಿಕೊಳ್ಳಬಹುದು.

ನನಗೆ ತುಂಬಾ ಇಷ್ಟವಾಗಿದ್ದು ಪ್ರೀ-ರೆಕಾರ್ಡ್. ಬಟನ್ ಒತ್ತುವುದಕ್ಕೆ 2 ಸೆಕೆಂಡ್ ಮುಂಚಿನ ಸದ್ದನ್ನೂ ಇದು ಸೇರಿಸಿಕೊಳ್ಳುತ್ತದೆ. ಟ್ಯೂಬ್‌ಲೈಟ್ ಹಿಂದಿನ ಹಲ್ಲಿ ಯಾವಾಗ ಲೊಚಗುಟ್ಟುತ್ತದೆ ಅಂತ ಯಾರಿಗೆ ಗೊತ್ತು? ಕಿವಿಗೆ ಬಿದ್ದ ಕೂಡಲೇ ಒತ್ತಿದರೂ ಮೊದಲ ಲೊಚ ಪೂರ್ತಿ ಸಿಗುತ್ತದೆ. ನಾಟಕದಲ್ಲಿ ಅಜ್ಜಿ "ಅವನಿನ್ನು ಬರಲ್ಲ ಬಿಡು" ಅನ್ನುತ್ತಾಳೆ. ಹಿಂದೆಯೇ ಹಲ್ಲಿ. ಆ ಜಾಗಕ್ಕೆ ಬೇರೆ ಯಾವ ಸಂಗೀತವನ್ನೂ ನಾನು ಹಾಕುವುದಿಲ್ಲ.

ಎರಡು ಮೈಕ್‌ಗಳು ಒಂದಕ್ಕೊಂದು ಅಡ್ಡವಾಗಿರುವುದರಿಂದ ಚಪ್ಪಲಿ ಸದ್ದು ಎಡದಿಂದ ಬಲಕ್ಕೆ ಹೋಗುವುದು ಇಯರ್‌ಫೋನಿನಲ್ಲಿ ಚೆನ್ನಾಗಿ ತಿಳಿಯುತ್ತದೆ. ಚಿಲಕ ಬಲಗಡೆ ಅಲುಗಾಡಿತು ಅಂದರೆ ಕೇಳುವವರು ಆ ಕಡೆ ತಿರುಗಿಯೇ ನೋಡುತ್ತಾರೆ.

ಕೊರತೆಗಳೂ ಇವೆ. ಮೈ ಪ್ಲಾಸ್ಟಿಕ್, ಹಗುರ. ಕೈಯಲ್ಲಿ ಹಿಡಿದರೆ ಬೆರಳು ಜಾರುವುದೂ ಕೇಳಿಸುತ್ತದೆ. ಟ್ರೈಪಾಡ್ ಮೇಲೆ ಇಡಿ. ಇಲ್ಲವೇ ಮಡಚಿದ ಟವೆಲ್ ಮೇಲಿಟ್ಟು ದೂರ ನಿಲ್ಲಿ. ಫ್ಯಾನ್ ಆಫ್ ಮಾಡಲೇಬೇಕು. ಫ್ರಿಜ್ಜಿನ ಗುಂಯ್‌ಗುಡುವಿಕೆಯನ್ನು ಲೋ ಕಟ್ (ತಗ್ಗು ಸ್ವರದ ಸದ್ದನ್ನು ಸೋಸುವ ಸೆಟ್ಟಿಂಗ್) ಕಡಿಮೆ ಮಾಡುತ್ತದೆ, ಪೂರ್ತಿ ತೆಗೆಯುವುದಿಲ್ಲ. ಎರಡು ಟ್ರಿಪಲ್-ಎ ಸೆಲ್ಲು, 32 ಜಿಬಿವರೆಗಿನ ಮೈಕ್ರೋ ಎಸ್‌ಡಿ ಕಾರ್ಡ್, ಅಷ್ಟೇ ಇದರ ಖರ್ಚು.

ಒಂದು ಮಾತು. ಬರೀ ಖಾಲಿ ಕೋಣೆಯ ಸದ್ದನ್ನು ಒಂದೆರಡು ನಿಮಿಷ ಸುಮ್ನೆ ಹಿಡಿದಿಟ್ಟುಕೊಳ್ಳಿ. ಎಲ್ಲ ಸದ್ದಿನ ಕೆಳಗೂ ಅದನ್ನು ಹಾಸಿ, ಬೇಕಾದ ಕಡೆ ತಟ್ಟನೆ ಕತ್ತರಿಸಿ. ಬಾಗಿಲು ಬಡಿದಿದ್ದಕ್ಕಿಂತ ಜಾಸ್ತಿ ಬೆಚ್ಚಿಬೀಳುತ್ತಾರೆ.

ಹೊಸದಾಗಿ ಕೊಳ್ಳುವವರು 2024ರಲ್ಲಿ ಬಂದ ಎಚ್1 ಎಸೆನ್ಷಿಯಲ್ ಅನ್ನೂ ನೋಡಿ. ಅದರಲ್ಲಿ 32-ಬಿಟ್ ಫ್ಲೋಟ್ ಇದೆ, ಅಂದರೆ ತೀರ ಸಣ್ಣ ಸದ್ದನ್ನೂ ತೀರ ಜೋರು ಸದ್ದನ್ನೂ ಒಟ್ಟಿಗೇ ಹಿಡಿಯುವ ಬಗೆ; ಲೆವೆಲ್ ಹೊಂದಿಸುವ ಗೋಜೇ ಇಲ್ಲ. ಎಚ್1ಎನ್ ಈಗಾಗಲೇ ಇದ್ದರೆ ಬದಲಾಯಿಸುವ ಅಗತ್ಯ ನನಗೆ ಕಾಣುವುದಿಲ್ಲ.